ಹೊನಲು ಬೆಳಕಿನ ಕಬಡ್ಡಿ: ರಾತ್ರಿ ಫೋಟೋ ಯಾಕೆ ಬ್ಲರ್ ಆಗುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)

 

ಇವತ್ತಿನ ವಿಷಯ ನನ್ನದೇ ಒಂದು ಸೋಲಿನಿಂದ ಶುರುವಾಗುತ್ತೆ. ಮಂಡ್ಯ ಕಡೆ ನಮ್ಮೂರು. ಗಣೇಶನ ಹಬ್ಬ ಮುಗಿದ ಮೇಲೆ ಯುವಕರೆಲ್ಲ ಸೇರಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಮಾಡ್ತೀವಿ. ನಾಲ್ಕು ಮೂಲೆಗೆ ನಾಲ್ಕು ಕಂಬ, ಅದರ ಮೇಲೆ ಫೋಕಸ್ ಲೈಟು, ಹಿಂದೆ ಜನರೇಟರ್ ಸದ್ದು, ಮೈಕಲ್ಲಿ ಒಬ್ಬ ಅಣ್ಣನ ಕಾಮೆಂಟ್ರಿ. ಆ ವರ್ಷ ಫೈನಲ್‌ನಲ್ಲಿ ನನ್ನ ಬಾಲ್ಯದ ಗೆಳೆಯ ಕೊನೇ ರೈಡ್‌ಗೆ ಹೋದ. ತಂಡ ಎರಡು ಪಾಯಿಂಟ್ ಹಿಂದಿತ್ತು. ಬೋನಸ್ ಗೆರೆ ದಾಟಿದ, ಇಬ್ಬರನ್ನ ಮುಟ್ಟಿದ, ಮೈಮೇಲೆ ನಾಲ್ಕು ಜನ ಬಿದ್ದಿದ್ರೂ ಮಧ್ಯದ ಗೆರೆಗೆ ಕೈ ಚಾಚಿದ. ಗೆದ್ರು.

ಅವತ್ತು ರಾತ್ರಿ ನಾನು ಫೋನಲ್ಲಿ 340 ಫೋಟೋ ತೆಗೆದಿದ್ದೆ. ಬೆಳಗ್ಗೆ ನೋಡಿದ್ರೆ ಒಂದೂ ಸರಿಯಾಗಿಲ್ಲ. ಕಂಬ ನೆಟ್ಟಗಿದೆ, ಪೆಂಡಾಲ್ ನೆಟ್ಟಗಿದೆ, ಹಿಂದೆ ಕಡ್ಲೆಕಾಯಿ ಮಾರೋ ತಾತನ ಮುಖ ಕೂಡ ಸ್ಪಷ್ಟವಾಗಿದೆ. ಆಟಗಾರರು ಮಾತ್ರ ನೀರಲ್ಲಿ ಕಲೆಸಿದ ಬಣ್ಣದ ಹಾಗೆ. ಎರಡು ದಿನ ಬಿಟ್ಟು ಗೆಳೆಯ ಫೋನ್ ಮಾಡಿದ. "ಮಗಾ, ಆ ಲಾಸ್ಟ್ ರೈಡಿಂದು ಒಂದು ಫೋಟೋ ಕಳ್ಸೋ, ಅಮ್ಮ ಕೇಳ್ತಾವ್ಳೆ." ಕಳಿಸೋಕೆ ನನ್ನ ಹತ್ರ ಏನೂ ಇರಲಿಲ್ಲ. ಮುಂದಿನ ಸೀಸನ್‌ನಲ್ಲಿ ಅವನ ಮಂಡಿಯ ಲಿಗಮೆಂಟ್ ಹರೀತು. ಮತ್ತೆ ಅವನು ಅಂಕಣಕ್ಕೆ ಇಳೀಲಿಲ್ಲ.

ಟೀವಿಯಲ್ಲಿ ಬರೋ ಆಟಗಾರನಿಗೆ ಸಾವಿರ ಫೋಟೋ ಇರುತ್ತೆ. ಊರಿನ ಆಟಗಾರನಿಗೆ ಇರೋದು ಗೇಟಿನ ಹತ್ರ ನಿಂತು ನಾವು ನೀವು ತೆಗೆಯೋ ಫೋಟೋ ಮಾತ್ರ. ಅದಕ್ಕೇ ಈ ಸಂಚಿಕೆ. ಕಡಿಮೆ ಬೆಳಕಿನ ಮೈದಾನದಲ್ಲಿ ರಾತ್ರಿ ಆಟದ ಫೋಟೋ ತೆಗೆಯೋದು ಹೇಗೆ? ಕ್ಯಾಮೆರಾ ಇರೋರಿಗೂ ಹೇಳ್ತೀನಿ, ಫೋನ್ ಮಾತ್ರ ಇರೋರಿಗೂ ಹೇಳ್ತೀನಿ.

ಮೊದಲು, ಬೆಳಕು ಎಷ್ಟು ಕಡಿಮೆ ಇರುತ್ತೆ?

ನಮ್ಮ ಕಣ್ಣು ಭಾರಿ ಮೋಸಗಾರ. ಫೋಕಸ್ ಲೈಟ್ ಕೆಳಗೆ ನಿಂತ್ರೆ "ಹಗಲಿದ್ದಂಗಿದೆ" ಅನ್ಸುತ್ತೆ. ಆದ್ರೆ ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಲಕ್ಸ್ ಅಂದ್ರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತೆ ಅನ್ನೋ ಅಳತೆ. ನಮ್ಮೂರ ಅಂಕಣದ ಮಧ್ಯೆ ನಿಂತು ಫೋನಿನ ಆಪ್‌ನಲ್ಲಿ ಅಳೆದಾಗ ಬಂದದ್ದು 150ರ ಆಸುಪಾಸು. ಫೋನ್ ಅಳತೆ ಅಂದಾಜಿನದ್ದೇ ಇರಬಹುದು. ಆದ್ರೂ ಹಗಲಿಗಿಂತ ಆರುನೂರು ಪಟ್ಟಿಗೂ ಹೆಚ್ಚು ಕಡಿಮೆ ಬೆಳಕು. ಕಣ್ಣು ಹೊಂದಿಕೊಳ್ಳುತ್ತೆ. ಕ್ಯಾಮೆರಾ ಎಲ್ಲೋ ಒಂದು ಕಡೆ ರಾಜಿ ಮಾಡ್ಕೋಬೇಕು.

ಬಿಕಾಂ ಓದಿದವನ ಲೆಕ್ಕ

ನಾನು ಕಾಮರ್ಸ್ ವಿದ್ಯಾರ್ಥಿ. ಫಿಸಿಕ್ಸ್ ಅಂದ್ರೆ ಈಗಲೂ ಭಯ. ಹಾಗಾಗಿ ಇದನ್ನ ತಿಂಗಳ ಖರ್ಚಿನ ಲೆಕ್ಕದ ಥರ ಅರ್ಥ ಮಾಡ್ಕೊಂಡೆ.

ಬಾಗಿಲು ಎಷ್ಟು ಅಗಲ ತೆರೆಯುತ್ತೆ ಅನ್ನೋದು ಅಪರ್ಚರ್. ಇದು ನಿಮ್ಮ ಸಂಬಳ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. ಕ್ಯಾಮೆರಾ ಜೊತೆ ಬರೋ ಸಾಮಾನ್ಯ ಕಿಟ್ ಲೆನ್ಸ್ ಜೂಮ್ ಮಾಡಿದಾಗ ಎಫ್ 5.6ಕ್ಕೆ ಬಂದು ನಿಲ್ಲುತ್ತೆ. 50 ಎಂಎಂ ಎಫ್ 1.8 ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ 10 ಪಟ್ಟು ಬೆಳಕು ಒಳಗೆ ಬಿಡುತ್ತೆ. ಲೆನ್ಸ್‌ಗಳಲ್ಲಿ ಅಗ್ಗದ ಸಾಲಿಗೆ ಸೇರೋದೂ ಅದೇ.

ಬಾಗಿಲು ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು ಶಟರ್ ಸ್ಪೀಡ್. ಇದು ಮನೆ ಬಾಡಿಗೆ ಇದ್ದಂಗೆ, ಕೊಡಲೇಬೇಕಾದ ಖರ್ಚು. 1/500 ಅಂದ್ರೆ ಒಂದು ಸೆಕೆಂಡಿನ ಐನೂರನೇ ಒಂದು ಭಾಗ. ಅಷ್ಟರಲ್ಲಿ ಆಟಗಾರ ಹೆಚ್ಚು ಅಲುಗಿರಲ್ಲ, ಫೋಟೋ ನಿಲ್ಲುತ್ತೆ.

ಮೂರನೇದು ಐಎಸ್‌ಒ. ಇದು ಸಾಲ. ಬಂದ ಸ್ವಲ್ಪ ಬೆಳಕನ್ನೇ ಹಿಗ್ಗಿಸಿ ತೋರಿಸುತ್ತೆ. ಸಾಲಕ್ಕೆ ಬಡ್ಡಿ ಇದ್ದೇ ಇರುತ್ತಲ್ಲ? ಇಲ್ಲಿ ಬಡ್ಡಿ ಅಂದ್ರೆ ನಾಯ್ಸ್. ಫೋಟೋ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತಲ್ಲ, ಅದು.

ಈಗ ನನ್ನ 340 ಫೋಟೋದಲ್ಲಿ ಆಗಿದ್ದೇನು ನೋಡಿ. ಗ್ಯಾಲರಿಯಲ್ಲಿ ಫೋಟೋದ ಡೀಟೇಲ್ಸ್ ತೆಗೆದೆ. ಶಟರ್ 1/33, ಐಎಸ್‌ಒ 400. ಅಂದ್ರೆ ಆಟೋ ಮೋಡ್‌ನಲ್ಲಿದ್ದ ಫೋನು ಸಾಲಕ್ಕೆ ಹೆದರಿ ಬಾಡಿಗೆ ಕಟ್ಟದೇ ಬಿಟ್ಟಿದೆ. ಎದುರಿಗಿರೋದು ಕಬಡ್ಡಿ ಅಂತ ಅದಕ್ಕೆ ಗೊತ್ತಿಲ್ಲ. ಹುಟ್ಟುಹಬ್ಬದ ಕೇಕ್ ಅಂದ್ಕೊಂಡಿದೆ. ಜೊತೆಗೆ ಹಿಂದೆಲ್ಲ ಕಪ್ಪು ಆಕಾಶ ಇತ್ತು. ಆ ಕಪ್ಪನ್ನೂ ಬೆಳಗಿಸೋಕೆ ಹೋಗಿ ಶಟರನ್ನ ಇನ್ನೂ ನಿಧಾನ ಮಾಡಿದೆ. ಆಟಗಾರರ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದೂ ಅದಕ್ಕೇ.

1/33ರಿಂದ 1/500ಕ್ಕೆ ಹೋದ್ರೆ ಬೆಳಕು ಸುಮಾರು 15ನೇ ಒಂದು ಭಾಗ ಆಗುತ್ತೆ. ಅದನ್ನ ಸರಿದೂಗಿಸೋಕೆ ಐಎಸ್‌ಒ 400 ಇದ್ದದ್ದು 6000 ಆಗಬೇಕು. ಆದ್ರೆ ಮುಖ ಮೊದಲೇ ಬೇಕಾದ್ದಕ್ಕಿಂತ ಎರಡು ಪಟ್ಟು ಬೆಳ್ಳಗಿತ್ತಲ್ಲ? ಹಾಗಾಗಿ 3000 ಸಾಕು. 3000 ಅಂದ್ರೆ ಈಗಿನ ಬಹಳಷ್ಟು ಫೋನುಗಳು ತಡೆದುಕೊಳ್ಳೋ ಸಾಲ. ಸಾಲ ಸಿಗ್ತಿತ್ತು. ನಾನು ಕೇಳಿರಲಿಲ್ಲ ಅಷ್ಟೇ.

ಈ ಸಂಚಿಕೆಯಲ್ಲಿ ಒಂದೇ ಒಂದು ಮಾತು ನೆನಪಿಟ್ಕೊಳ್ಳಿ ಅಂದ್ರೆ ಇದು: ನಾಯ್ಸ್‌ಗೆ ಹೆದರಿ ಶಟರ್ ಕಡಿಮೆ ಮಾಡಬೇಡಿ. ನಾಯ್ಸ್ ಇರೋ ಫೋಟೋವನ್ನ ಆಮೇಲೆ ಎಷ್ಟೋ ಸರಿ ಮಾಡಬಹುದು. ಫೋನಿನ ಪರದೆಯಲ್ಲಿ, ಪೇಪರ್ ಪ್ರಿಂಟ್‌ನಲ್ಲಿ ಅದು ಹೆಚ್ಚು ಕಾಣೋದೂ ಇಲ್ಲ. ಅಲುಗಿ ಹೋದ ಮುಖವನ್ನ ವಾಪಸ್ ತರೋದು ಆಗದ ಮಾತು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಐಎಸ್‌ಒ ಕಡಿಮೆ ಇಟ್ಟು ಕಪ್ಪಗೆ ತೆಗೆದು, ಆಮೇಲೆ ಎಡಿಟಿಂಗ್‌ನಲ್ಲಿ ಬೆಳ್ಳಗೆ ಮಾಡಿದ್ರೆ ನಾಯ್ಸ್ ಬರಲ್ಲ ಅಂತ. ಬರುತ್ತೆ, ಎಷ್ಟೋ ಸಲ ಜಾಸ್ತಿನೇ ಬರುತ್ತೆ. ಯಾಕಂದ್ರೆ ನಾಯ್ಸ್‌ನ ಮೂಲ ಬೆಳಕಿನ ಕೊರತೆ. ತೆಗೆಯುವಾಗಲೇ ಮುಖಕ್ಕೆ ಸರಿಯಾದ ಬೆಳಕು ಬರೋ ಹಾಗೆ ಇಟ್ಕೊಳ್ಳೋದೇ ಒಳ್ಳೇದು.

ಎಷ್ಟು ಶಟರ್ ಸ್ಪೀಡ್ ಬೇಕು?

ಓಟದ ವೇಗ ಗೊತ್ತಿದ್ರೆ ಇದನ್ನ ಲೆಕ್ಕ ಹಾಕಬಹುದು. ನಮ್ಮ ರಾಜ್ಯದಲ್ಲಿ ರಾತ್ರಿಯಿಡೀ ಲೈಟ್ ಕೆಳಗೆ ನಡೆಯೋ ಇನ್ನೊಂದು ಆಟ ಕರಾವಳಿಯ ಕಂಬಳ. ಅಲ್ಲಿನ ಓಟಗಳಿಗೆ ಸಮಯದ ದಾಖಲೆ ಇದೆ, ಹಾಗಾಗಿ ಅದನ್ನೇ ತಗೊಳ್ಳೋಣ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು ಕೋಣಗಳ ಜೊತೆ 142.5 ಮೀಟರನ್ನ 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯ್ತು. ಭಾಗಿಸಿ ನೋಡಿದ್ರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್.

ಶಟರ್ 1/50 ಇಟ್ರೆ, ಬಾಗಿಲು ತೆರೆದು ಮುಚ್ಚೋದ್ರೊಳಗೆ ಓಟಗಾರ 21 ಸೆಂಟಿಮೀಟರ್ ಮುಂದೆ ಹೋಗಿರ್ತಾನೆ. ಒಂದು ಮುಖದ ಅಗಲಕ್ಕಿಂತ ಜಾಸ್ತಿ. 1/500 ಇಟ್ರೆ 2 ಸೆಂಟಿಮೀಟರ್. 1/1000 ಇಟ್ರೆ 1 ಸೆಂಟಿಮೀಟರ್.

ಕಬಡ್ಡಿ ಅಂಕಣ ಗಂಡಸರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟರಲ್ಲಿ ಯಾರೂ ಕಂಬಳದ ವೇಗಕ್ಕೆ ಓಡೋಕೆ ಆಗಲ್ಲ. ಆದ್ರೆ ಕೈ ಬೀಸೋದು, ಕಾಲು ಒದೆಯೋದು ದೇಹಕ್ಕಿಂತ ಎಷ್ಟೋ ಜೋರು. ಹಾಗಾಗಿ 1/500 ಇಟ್ಕೊಂಡು ಶುರು ಮಾಡಿ. ಬೆಳಕು ತೀರಾ ಕಡಿಮೆ ಇದ್ರೆ 1/250ರ ತನಕ ಇಳೀಬಹುದು. ಅದಕ್ಕಿಂತ ಕೆಳಗೆ ಅದೃಷ್ಟದ ಆಟ.

ಫೋನ್ ಮಾತ್ರ ಇದ್ರೆ

ಒಂದು, ನೈಟ್ ಮೋಡ್ ಆಫ್ ಮಾಡಿ. ಅದು ಒಂದಾದ ಮೇಲೊಂದು ಹಲವು ಫ್ರೇಮ್ ತೆಗೆದು ಜೋಡಿಸುತ್ತೆ. ದೇವಸ್ಥಾನದ ಗೋಪುರಕ್ಕೆ ಬಹಳ ಚೆಂದ. ಓಡ್ತಾ ಇರೋ ಮನುಷ್ಯನಿಗೆ ಆಗಿಬರಲ್ಲ.

ಎರಡು, ಪ್ರೊ ಮೋಡ್ ಇದ್ರೆ ಅದಕ್ಕೆ ಹೋಗಿ ಶಟರ್ 1/500, ಐಎಸ್‌ಒ 1600ರಿಂದ 3200. ಪ್ರೊ ಮೋಡ್ ಇಲ್ಲದಿದ್ರೆ ಶಟರನ್ನ ಕೈಯಿಂದ ಹೊಂದಿಸಲು ಬಿಡೋ ಕ್ಯಾಮೆರಾ ಆಪ್ ಸಿಗುತ್ತೆ. ಅದೂ ಬೇಡ ಅಂದ್ರೆ, ಆಟಗಾರನ ಮುಖದ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಸೂರ್ಯನ ಗುರುತನ್ನ ಸ್ವಲ್ಪ ಕೆಳಗೆಳೆಯಿರಿ. ಫೋಟೋ ಕಪ್ಪಗಾಗುತ್ತೆ, ಶಟರೂ ಸ್ವಲ್ಪ ಚುರುಕಾಗುತ್ತೆ.

ಮೂರು, ಜೂಮ್ ಬೇಡ. ಬಹಳಷ್ಟು ಫೋನುಗಳಲ್ಲಿ ಒಳ್ಳೇ ಸೆನ್ಸರ್, ದೊಡ್ಡ ಬಾಗಿಲು ಇರೋದು 1ಎಕ್ಸ್ ಮುಖ್ಯ ಕ್ಯಾಮೆರಾಗೆ. ಕತ್ತಲಲ್ಲಿ ನೀವು 3ಎಕ್ಸ್ ಒತ್ತಿದ್ರೂ ಎಷ್ಟೋ ಫೋನು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಕೊಡುತ್ತೆ. ಕಾಲಲ್ಲಿ ಜೂಮ್ ಮಾಡಿ, ಅಂದ್ರೆ ಹತ್ತಿರ ಹೋಗಿ.

ನಾಲ್ಕು, ಲೆನ್ಸ್ ಒರೆಸಿ. ಜೇಬಿನಲ್ಲಿದ್ದ ಫೋನಿನ ಲೆನ್ಸ್ ಮೇಲೆ ಎಣ್ಣೆ ಬೆರಳಿನ ಗುರುತು ಇರುತ್ತೆ. ಪ್ರತಿ ಲೈಟಿಂದಲೂ ಒಂದು ಉದ್ದ ಗೆರೆ ಎಳೆದಂಗೆ ಬರೋದು ಅದಕ್ಕೇ. ಬನಿಯನ್ ತುದಿಯಲ್ಲಿ ಒರೆಸಿದ್ರೂ ಅರ್ಧ ಸಮಸ್ಯೆ ಹೋಯ್ತು.

ಐದು, ಫ್ಲ್ಯಾಶ್ ಬೇಡವೇ ಬೇಡ. ದೂರ ಎರಡು ಪಟ್ಟಾದ್ರೆ ಫ್ಲ್ಯಾಶ್ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಏಳೆಂಟು ಮೀಟರ್ ದೂರದ ಆಟಗಾರನಿಗೆ ಅದು ಮುಟ್ಟೋದೇ ಇಲ್ಲ. ಹತ್ತಿರ ಇರೋನ ಕಣ್ಣು ಮಾತ್ರ ಕುಕ್ಕುತ್ತೆ. ರೈಡರ್ ಕಣ್ಣು ಒಂದು ಕ್ಷಣ ಮಂಜಾದ್ರೂ ಬೀಳ್ತಾನೆ, ಪೆಟ್ಟಾಗುತ್ತೆ.

ಕ್ಯಾಮೆರಾ ಇರೋರಿಗೆ ಚಿಕ್ಕದಾಗಿ: ಮ್ಯಾನುವಲ್ ಮೋಡ್, 1/500, ಲೆನ್ಸ್ ಎಫ್ 2.8 ಇದ್ರೆ ಐಎಸ್‌ಒ 6400, ಎಫ್ 1.8 ಇದ್ರೆ 3200 ಇಟ್ಟು ನೋಡಿ. ಆಮೇಲೆ ನಿಮ್ಮೂರ ಲೈಟಿಗೆ ತಕ್ಕ ಹಾಗೆ ಹೊಂದಿಸಿಕೊಳ್ಳಿ. ಫುಲ್ ಫ್ರೇಮ್ ಸೆನ್ಸರ್ 36 ಎಂಎಂ ಉದ್ದ, 24 ಎಂಎಂ ಅಗಲ. ಫೋನಿನ ದೊಡ್ಡ ಸೆನ್ಸರ್‌ಗಿಂತಲೂ ಅದರ ವಿಸ್ತೀರ್ಣ ಎಷ್ಟೋ ಪಟ್ಟು ಜಾಸ್ತಿ. ಅದಕ್ಕೇ ಒಂದೇ ಐಎಸ್‌ಒದಲ್ಲೂ ಕ್ಯಾಮೆರಾ ಫೋಟೋದಲ್ಲಿ ನಾಯ್ಸ್ ಕಡಿಮೆ. ಬಡ್ಡಿ ದರ ಕಡಿಮೆ ಇರೋ ಬ್ಯಾಂಕ್ ಅಂದ್ಕೊಳ್ಳಿ.

ಒಂದು ಫೋಟೋ ಬೆಳಕು, ಇನ್ನೊಂದು ಕತ್ತಲು. ಯಾಕೆ?

ಎಲ್ಲ ಸರಿ ಮಾಡಿದ ಮೇಲೂ ಒಂದು ವಿಚಿತ್ರ ಕಾಣುತ್ತೆ. ಒಂದೇ ಸೆಟ್ಟಿಂಗ್‌ನಲ್ಲಿ ಹತ್ತು ಫೋಟೋ ತೆಗೆದ್ರೆ ನಾಲ್ಕು ಬೆಳ್ಳಗೆ, ಮೂರು ಕಪ್ಪಗೆ, ಇನ್ನು ಕೆಲವು ಅರ್ಧ ಹಳದಿ. ಕೆಲವದರಲ್ಲಿ ಅಡ್ಡಡ್ಡ ಪಟ್ಟೆ. ಫೋನ್ ಕೆಟ್ಟಿದೆ ಅಂತ ಸರ್ವಿಸ್ ಸೆಂಟರ್‌ಗೆ ಓಡಬೇಡಿ. ಅದು ಕರೆಂಟಿನ ಆಟ.

ನಮ್ಮ ದೇಶದ ಕರೆಂಟು 50 ಹರ್ಟ್ಸ್. ಇದರಿಂದ ಮೈದಾನದ ಬಹಳಷ್ಟು ದೀಪಗಳು ಸೆಕೆಂಡಿಗೆ 100 ಸಲ ಜೋರಾಗಿ, ಮಂದವಾಗಿ, ಮತ್ತೆ ಜೋರಾಗಿ ಉರಿಯುತ್ತವೆ. ಮೆಟಲ್ ಹ್ಯಾಲೈಡ್, ಸೋಡಿಯಂ ದೀಪಗಳೂ ಹೀಗೇ, ಅಗ್ಗದ ಎಲ್‌ಇಡಿ ಫೋಕಸ್ ಲೈಟುಗಳೂ ಹೀಗೇ. ಹಳೇ ಹ್ಯಾಲೊಜೆನ್‌ನಲ್ಲಿ ತಂತಿ ಬಿಸಿಯಾಗೇ ಇರೋದ್ರಿಂದ ಈ ಏರಿಳಿತ ಕಡಿಮೆ. ಒಂದು ಏರಿಳಿತಕ್ಕೆ 10 ಮಿಲಿಸೆಕೆಂಡ್. ನಿಮ್ಮ 1/500 ಶಟರ್ ಬರೀ 2 ಮಿಲಿಸೆಕೆಂಡ್. ಅಂದ್ರೆ ಐದರಲ್ಲಿ ಒಂದು ತುಂಡು ಮಾತ್ರ ನಿಮಗೆ ಸಿಗುತ್ತೆ. ಜೋರಿನ ತುಂಡು ಸಿಕ್ರೆ ಬೆಳ್ಳಗೆ, ಮಂದದ ತುಂಡು ಸಿಕ್ರೆ ಕಪ್ಪಗೆ.

ಪರೀಕ್ಷೆ ಮಾಡೋದು ಸುಲಭ. ಪಂದ್ಯ ಶುರುವಾಗೋ ಮುಂಚೆ ಲೈಟಿನ ಕಡೆ ಫೋನ್ ಹಿಡಿದು ಐದು ಸೆಕೆಂಡ್ ಸ್ಲೋ ಮೋಷನ್ ವಿಡಿಯೋ ತೆಗೀರಿ. ಲೈಟು ಮಿಣಮಿಣ ಅಂದ್ರೆ ಸಮಸ್ಯೆ ಇದೆ. ಆಗ ಮೂರು ದಾರಿ. ಮೊದಲನೇದು, ಒಂದೊಂದೇ ತೆಗೆಯದೆ ಬರ್ಸ್ಟ್‌ನಲ್ಲಿ ಸಾಲಾಗಿ ತೆಗೆದು ಒಳ್ಳೇದನ್ನ ಆರಿಸಿಕೊಳ್ಳಿ. ಎರಡನೇದು ಕ್ಯಾಮೆರಾ ಇರೋರಿಗೆ. ಮೆನುವಿನಲ್ಲಿ ಆಂಟಿ ಫ್ಲಿಕರ್ ಹುಡುಕಿ ಆನ್ ಮಾಡಿ. ದೀಪ ಜೋರಾಗಿ ಉರಿಯೋ ಕ್ಷಣಕ್ಕೇ ಶಟರ್ ಹೊಡೆಯೋ ಹಾಗೆ ಅದು ನೋಡ್ಕೊಳ್ಳುತ್ತೆ. ಕ್ಯಾನನ್ ಕಂಪನಿ ಇದನ್ನ 2014ರಲ್ಲಿ 7ಡಿ ಮಾರ್ಕ್ 2 ಕ್ಯಾಮೆರಾದಲ್ಲಿ ತಂತು, ಈಗ ಬೇರೆ ಕಂಪನಿಗಳ ಕ್ಯಾಮೆರಾದಲ್ಲೂ ಇದೆ. ಮೂರನೇದು, ಶಟರನ್ನ 1/100ಕ್ಕೆ ಇಳಿಸಿ. ಒಂದು ಪೂರ್ತಿ ಏರಿಳಿತ ಒಳಗೆ ಬರೋದ್ರಿಂದ ಎಲ್ಲ ಫೋಟೋ ಒಂದೇ ಥರ ಬರುತ್ತೆ. ಆದ್ರೆ ಆಗ ಓಟ ನಿಲ್ಲಲ್ಲ, ಆಟಗಾರ ನಿಂತ ಕ್ಷಣಕ್ಕೆ ಕಾಯಬೇಕು.

ಪಂದ್ಯಾವಳಿ ನಡೆಸೋರು ಯಾರಾದ್ರೂ ಕೇಳ್ತಿದ್ರೆ ನಿಮಗೊಂದು ಮಾತು. ನಮ್ಮೂರಲ್ಲಿ ತ್ರೀ ಫೇಸ್ ಅಂದ್ರೆ ಪಂಪ್‌ಸೆಟ್ ನೆನಪಾಗುತ್ತೆ. ಲೈಟಿಗೂ ಅದು ಉಪಯೋಗಕ್ಕೆ ಬರುತ್ತೆ. ಎಲ್ಲ ಫೋಕಸ್ ಲೈಟನ್ನೂ ಒಂದೇ ಫೇಸ್‌ಗೆ ಕೊಟ್ರೆ ಎಲ್ಲ ಒಟ್ಟಿಗೇ ಮಂದವಾಗುತ್ತೆ. ಮೂರು ಫೇಸ್‌ಗೆ ಹಂಚಿದ್ರೆ ಒಂದು ಮಂದವಾದಾಗ ಇನ್ನೊಂದು ಜೋರಾಗಿರುತ್ತೆ, ಮಿಣುಕು ಬಹಳ ಕಡಿಮೆಯಾಗುತ್ತೆ. ದೊಡ್ಡ ಸ್ಟೇಡಿಯಂಗಳಲ್ಲಿ ಲೈಟನ್ನ ಹೀಗೆ ಹಂಚೋದು ಹಳೇ ಪದ್ಧತಿ. ಲೈಟ್ ಹಾಕೋ ಎಲೆಕ್ಟ್ರಿಷಿಯನ್ ಅಣ್ಣನಿಗೆ ಮೊದಲೇ ಹೇಳಿದ್ರೆ ಸಾಕು. ವೈರ್ ಮಾತ್ರ ನೀವೇ ಮುಟ್ಟೋಕೆ ಹೋಗಬೇಡಿ.

ಆಟ ಗೊತ್ತಿದ್ರೆ ಅರ್ಧ ಕೆಲಸ ಮುಗೀತು

ಇದುವರೆಗೆ ಹೇಳಿದ್ದು ಯಂತ್ರದ ವಿಷಯ. ಇನ್ನುಳಿದದ್ದು ಕಾಯೋದು.

ಮೇಲೆ ಎಸೆದ ಕಲ್ಲು ಕೆಳಗೆ ಬೀಳೋ ಮುಂಚೆ ತುದಿಯಲ್ಲಿ ಒಂದು ಗಳಿಗೆ ನಿಲ್ಲುತ್ತಲ್ಲ? ವಾಲಿಬಾಲ್‌ನಲ್ಲಿ ಸ್ಮ್ಯಾಶ್‌ಗೆ ಹಾರಿದವನೂ ಹಾಗೇ ನಿಲ್ತಾನೆ. ಅಲ್ಲಿ 1/250 ಕೂಡ ಸಾಕಾಗುತ್ತೆ. ಕಬಡ್ಡಿಯಲ್ಲಿ ರೈಡರ್ ಬೋನಸ್ ಗೆರೆ ಹತ್ರ ಕಾಲು ಚಾಚಿ ವಾಪಸ್ ತಿರುಗೋ ಕ್ಷಣ ನೋಡಿ. ಮುಂದಕ್ಕೆ ಹೋಗೋದು ನಿಂತಿರುತ್ತೆ, ಹಿಂದಕ್ಕೆ ಓಟ ಇನ್ನೂ ಶುರುವಾಗಿರಲ್ಲ. ಅಥವಾ ಕಾಲು ಹಿಡಿದಾಗ. ಇಬ್ಬರೂ ಪೂರ್ತಿ ಬಲ ಹಾಕಿ ಎಳೀತಿರ್ತಾರೆ, ಆದ್ರೆ ಇಬ್ಬರೂ ಹೆಚ್ಚು ಕಡಿಮೆ ನಿಂತೇ ಇರ್ತಾರೆ. ಮುಖದಲ್ಲಿ ಎಲ್ಲ ಇರುತ್ತೆ. ಒಂದು ರೈಡ್‌ಗೆ 30 ಸೆಕೆಂಡ್. ಇಂಥ ಕ್ಷಣ ಅದರಲ್ಲಿ ಒಂದೋ ಎರಡೋ ಬರುತ್ತೆ.

ಎಲ್ಲಿ ಕೂರೋದು? ರೈಡರ್ ಮುಖ ಬೇಕಂದ್ರೆ, ಹಿಡಿಯೋ ತಂಡದ ಹಿಂದೆ, ಅಂಕಣದ ಆಚೆ ಮೂಲೆಯಲ್ಲಿ ಕೂತ್ಕೊಳ್ಳಿ. ಅರ್ಧದಷ್ಟು ರೈಡ್ ನಿಮಗೆ ಬೆನ್ನು ಹಾಕಿ ಹೋಗುತ್ತೆ, ಹೋಗಲಿ ಬಿಡಿ. ಎಲ್ಲದಕ್ಕೂ ಓಡಾಡಿದ್ರೆ ಯಾವುದೂ ಸಿಗಲ್ಲ. ಲೈಟ್ ಕಂಬ ನಿಮ್ಮ ಬೆನ್ನ ಹಿಂದೆ ಅಥವಾ ಪಕ್ಕಕ್ಕೆ ಇರಲಿ, ಎದುರಿಗೆ ಬೇಡ. ಆಟಗಾರರು ಜಾರಿ ಹೊರಗೆ ಬರ್ತಾರೆ, ಅಷ್ಟು ಜಾಗ ಬಿಟ್ಟು ಕೂತ್ಕೊಳ್ಳಿ.

ಮುಖ ಹಸಿರು, ಹಳದಿ ಬಂದ್ರೆ ವೈಟ್ ಬ್ಯಾಲೆನ್ಸ್ ಆಟೋ ಬಿಟ್ಟು ಒಂದು ಅಂಕಿಗೆ ನಿಲ್ಲಿಸಿ. 4000 ಕೆಲ್ವಿನ್‌ನಿಂದ ಶುರು ಮಾಡಬಹುದು. ಸೋಡಿಯಂ ದೀಪದ ಆ ಗಾಢ ಹಳದಿ ಏನು ಮಾಡಿದ್ರೂ ಹೋಗಲ್ಲ. ಆಗ ಕಪ್ಪು ಬಿಳುಪು ಮಾಡಿಬಿಡಿ, ನಾಯ್ಸ್ ಕೂಡ ಅದರಲ್ಲಿ ಒಪ್ಪಿಹೋಗುತ್ತೆ.

ಕೊನೇದಾಗಿ ಒಂದು ಮರ್ಯಾದೆಯ ವಿಷಯ. ಎಳೆದಾಟದ ಆಟ ಇದು, ಬಟ್ಟೆ ಆಚೀಚೆ ಆಗುತ್ತೆ. ಹೆಣ್ಣುಮಕ್ಕಳ ಪಂದ್ಯ, ಮಕ್ಕಳ ಪಂದ್ಯ ಇದ್ರೆ ಅವರನ್ನೋ ಅವರ ಮನೆಯವರನ್ನೋ ಕೇಳದೆ ಪೋಸ್ಟ್ ಮಾಡಬೇಡಿ. ಅವರ ಮನೆ ಗೋಡೆಗೆ ಹಾಕೋ ಥರದ ಫೋಟೋ ಆರಿಸಿ.

ಮತ್ತೆ ಅದೇ ಅಂಕಣ

ನನ್ನ ಗೆಳೆಯ ಈಗ ಊರಿನ ಹುಡುಗರಿಗೆ ಕಬಡ್ಡಿ ಹೇಳಿಕೊಡ್ತಾನೆ. ಹೋದ ವರ್ಷ ಅದೇ ಅಂಕಣ, ಹೆಚ್ಚು ಕಡಿಮೆ ಅದೇ ಲೈಟು. ಅವನು ಗೆರೆ ಆಚೆ ನಿಂತು ಕೂಗ್ತಾ ಇದ್ದ, ನಾನು ಮೂಲೆಯಲ್ಲಿ ಕೂತಿದ್ದೆ. ಶಟರ್ 1/500, ಐಎಸ್‌ಒ 3200. ಅವನ ಹತ್ರ ಕಲಿಯೋ ಒಬ್ಬ ಹುಡುಗನನ್ನ ಮೂವರು ಹಿಡಿದಿದ್ರು. ಬೆರಳು ಮಧ್ಯದ ಗೆರೆಗೆ ಇನ್ನೊಂದು ಗೇಣು ಇತ್ತು. ಏಳು ಫ್ರೇಮ್ ತೆಗೆದೆ. ಎರಡು ಕಪ್ಪು, ನಾಲ್ಕರಲ್ಲಿ ಮುಖ ಮರೆ, ಒಂದು ಬಂತು.

ಗೆಳೆಯ ಅದನ್ನ ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಆ ಹುಡುಗನ ಮನೆಗೆ ಕೊಡೋಕೆ ಹೋದ. ನಾನೂ ಜೊತೆಗಿದ್ದೆ. ಫೋಟೋ ತುಂಬ ನಾಯ್ಸ್ ಇತ್ತು, ನನಗೆ ಅದೇ ಕಾಣ್ತಿತ್ತು. ಹುಡುಗನ ಅಮ್ಮ ಫೋಟೋವನ್ನ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ್ರು. ಆಮೇಲೆ ಮಗನ ಕಡೆ ತಿರುಗಿ, "ಮಂಡಿ ಅವತ್ತೇ ಕಿತ್ತೋಗಿತ್ತೇನ್ಲಾ? ಸೈಕಲ್‌ನಿಂದ ಬಿದ್ದೆ ಅಂದಿದ್ಯಲ್ಲ!" ಅಂದ್ರು.

ಹುಡುಗ ಸಿಕ್ಕಿಬಿದ್ದ. ಫೋಟೋ ಈಗ ಅವರ ನಡುಮನೆಯಲ್ಲಿದೆ.

ನಿಮ್ಮೂರಲ್ಲೂ ಹೊನಲು ಬೆಳಕಿನ ಪಂದ್ಯ ಇದ್ರೆ ಈ ಸಲ ಶಟರ್ 1/500 ಇಟ್ಟು ನೋಡಿ, ಬಂದ ಫೋಟೋವನ್ನ ಮೊದಲು ಆ ಆಟಗಾರನಿಗೆ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.